ಮುಂಬಯಿಯ ಸಂಶೋಧಕ ಶಂಕರ ಆಬಾಜಿ ಭಿಸೆ

ಫೋರ್ಟಿನಲ್ಲಿ ದಾದಾಭಾಯಿ ನವರೋಜಿ ರಸ್ತೆ ಇದೆ. ಚರ್ಚ್‌ಗೇಟಿನಲ್ಲಿ ದಿನ್‌ಶಾ ವಾಚಾ ರಸ್ತೆ, ದಾದರಿನಲ್ಲಿ ಗೋಖಲೆ ರಸ್ತೆ. ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ನಾವು ತುಳಿಯುತ್ತ ಹೋಗುವ ರಸ್ತೆಗಳಿವು. ಈ ಮೂವರು ಹಿರಿಯರೂ ಒಂದೊಂದು ಕಾಲದಲ್ಲಿ ಒಬ್ಬನೇ ಮನುಷ್ಯನ ಬೆನ್ನಿಗೆ ನಿಂತಿದ್ದರು ಅಂದರೆ ನಂಬುತ್ತೀರಾ? ಆತ ರಾಜಕಾರಣಿಯಲ್ಲ, ಕವಿಯಲ್ಲ. ಯಂತ್ರ ಕಟ್ಟುವವರು. ಹೆಸರು ಶಂಕರ ಆಬಾಜಿ ಭಿಸೆ. ಒಂದು ಕಾಲಕ್ಕೆ ಜನ ಅವರನ್ನು ಭಾರತದ ಎಡಿಸನ್ ಎಂದು ಕರೆದರು. ಸುಮಾರು 200 ಸಂಶೋಧನೆಗಳು, 40ರಷ್ಟು ಪೇಟೆಂಟುಗಳು ಅವರ ಲೆಕ್ಕಕ್ಕೆ ಇವೆ. ಆದರೂ ನಮ್ಮ ಕಾಲೇಜಿನಲ್ಲಿ ಹತ್ತು ಜನರನ್ನು ನಿಲ್ಲಿಸಿ ಕೇಳಿದರೆ ಒಬ್ಬರಿಗೂ ಆ ಹೆಸರು ಗೊತ್ತಿರಲಿಕ್ಕಿಲ್ಲ. ಇಷ್ಟು ಪೇಟೆಂಟು ಇದ್ದೂ ಹೆಸರು ಯಾಕೆ ಅಳಿಸಿಹೋಯಿತು? ಈ ಲೇಖನದಲ್ಲಿ ನಾನು ಕೇಳಹೊರಟಿರುವುದು ಅದೊಂದೇ ಪ್ರಶ್ನೆ.

ಭಿಸೆ ಹುಟ್ಟಿದ್ದು ಮುಂಬಯಿಯಲ್ಲೇ, 1867ರ ಏಪ್ರಿಲ್ 29ರಂದು. ಆಗಿನ ಮುಂಬಯಿ ಗ್ಯಾಸ್ ದೀಪದ ಊರು. ಕುದುರೆ ಎಳೆಯುವ ಟ್ರಾಮು, ಹೊಗೆ ಕಾರುವ ಗಿರಣಿ, ಉಗಿಬಂಡಿ. 1882ರಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿಗೆ ವಿದ್ಯುದ್ದೀಪ ಬಂತು. ಊರೆಲ್ಲ ಬೆರಗಾಗಿ ನೋಡಿರಬೇಕು. ಆದರೆ ಮರುವರ್ಷವೇ ಆ ಕಂಪನಿ ದಿವಾಳಿ ಎದ್ದು ಮಾರ್ಕೆಟ್ಟು ಮತ್ತೆ ಗ್ಯಾಸಿಗೇ ಮರಳಿತು. ದೀಪ ಉರಿಯಲಿಲ್ಲ ಅಂತಲ್ಲ, ದೀಪ ಉರಿಸುವ ಕಂಪನಿ ನಿಲ್ಲಲಿಲ್ಲ. ಆಗ ಭಿಸೆಗೆ ಹದಿನೈದು ವರ್ಷ. ಅದಕ್ಕೂ ಒಂದು ವರ್ಷ ಹಿಂದೆ, ಹದಿನಾಲ್ಕರ ವಯಸ್ಸಿನಲ್ಲಿ, ಕಲ್ಲಿದ್ದಲಿನಿಂದ ಗ್ಯಾಸ್ ತೆಗೆಯುವ ಸಾಧನವನ್ನು ಅವರು ಮನೆಯಲ್ಲೇ ಮಾಡಿಕೊಂಡಿದ್ದರು. ಮುಂದೆ ಅವರ ಬದುಕಿನಲ್ಲಿ ಏನಾಯಿತೋ ಅದನ್ನು ಕ್ರಾಫರ್ಡ್ ಮಾರ್ಕೆಟ್ಟಿನ ಆ ದೀಪ ಮೊದಲೇ ಹೇಳಿಬಿಟ್ಟಿತ್ತೇನೋ ಅಂತ ನನಗೆ ಅನ್ನಿಸುತ್ತದೆ.

ಅವರಿಗೆ ಯಂತ್ರಶಾಸ್ತ್ರ ಕಲಿಸಿದ್ದು ಕಾಲೇಜಲ್ಲ, ಅಮೆರಿಕದಿಂದ ಬರುತ್ತಿದ್ದ ವಿಜ್ಞಾನ ಪತ್ರಿಕೆ. ಇಂಥದ್ದೊಂದು ಕಡೆಯಲ್ಲಿ ಇಂಥದ್ದೊಂದು ಯಂತ್ರ ಬಂತು ಅಂತ ಓದುವುದು, ಚಿತ್ರ ನೋಡುವುದು, ಮನೆಯಲ್ಲಿ ಕೈಗೆ ಸಿಕ್ಕಿದ್ದರಲ್ಲಿ ಮಾಡಿ ನೋಡುವುದು. ಇಪ್ಪತ್ತರ ಹರೆಯದಲ್ಲಿ ಮುಂಬಯಿಯಲ್ಲಿ ಒಂದು ವಿಜ್ಞಾನ ಕ್ಲಬ್ಬು ಕಟ್ಟಿದರು. ಆ ಕಾಲದಲ್ಲಿ ಅವರು ಮಾಡಿದ ವಸ್ತುಗಳ ಪಟ್ಟಿ ನೋಡಿದರೆ ನಗುವೂ ಬರುತ್ತದೆ, ಗೌರವವೂ ಬರುತ್ತದೆ. ಯಾರೂ ಕಲಬೆರಕೆ ಮಾಡಲಾರದ ಬಾಟಲಿ, ವಿದ್ಯುತ್ ಜೋಡಿಸಿದ ಸೈಕಲ್ಲು, ಉಪನಗರದ ರೈಲಿನಲ್ಲಿ ಮುಂದಿನ ಸ್ಟೇಶನ್ ಯಾವುದೆಂದು ತೋರಿಸುವ ಸೂಚಕ! ನೆನಪಿಡಿ, ಮುಂಬಯಿಯಲ್ಲಿ ವಿದ್ಯುತ್ ರೈಲು ಓಡಿದ್ದೇ 1925ರಲ್ಲಿ. ಇವತ್ತು ಡಬ್ಬಿಯೊಳಗೆ ಕೆಂಪು ಅಕ್ಷರದಲ್ಲಿ ಅಗಲಾ ಸ್ಟೇಶನ್ ಅಂತ ಬರುತ್ತದಲ್ಲ, ಅದರ ಯೋಚನೆ ಉಗಿಬಂಡಿಯ ಕಾಲದಲ್ಲೇ ಒಬ್ಬ ಮುಂಬಯಿಕರನ ತಲೆಯಲ್ಲಿ ಹೊಳೆದಿತ್ತು.

1890ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸಂಶೋಧಕರ ಪತ್ರಿಕೆಯೊಂದು ಸ್ಪರ್ಧೆ ಇಟ್ಟಿತು. ಸಕ್ಕರೆ, ಹಿಟ್ಟು ಮುಂತಾದ ದಿನಸಿಯನ್ನು ರಾಶಿಯಿಂದ ತಾನೇ ತೂಗಿ ಕೊಡುವ ಯಂತ್ರ ಬೇಕು ಎಂದು. ಭಿಸೆ ನಕ್ಷೆ ಬರೆದು ಕಳಿಸಿದರು. ಬಹುಮಾನ ಅವರಿಗೇ ಬಂತು. ಸಮುದ್ರದಾಚೆಯ ಸ್ಪರ್ಧೆಯಲ್ಲಿ ಗೆದ್ದದ್ದು ಅವರಿಗೆ ಲಂಡನ್ನಿನ ದಾರಿ ತೋರಿಸಿತು. ಕಾಂಗ್ರೆಸ್ಸಿನ ದಿನ್‌ಶಾ ವಾಚಾ ಅವರು ಪರಿಚಯದ ಪತ್ರ ಕೊಟ್ಟರು. ಆ ಪತ್ರ ಹಿಡಿದು ಭಿಸೆ ಹೋಗಿ ನಿಂತದ್ದು ದಾದಾಭಾಯಿ ನವರೋಜಿಯವರ ಮುಂದೆ.

ನವರೋಜಿ ಅಂದರೆ ನಮಗೆ ನೆನಪಾಗುವುದು ಸಂಪತ್ತಿನ ಸೋರಿಕೆಯ ಸಿದ್ಧಾಂತ. ಭಾರತದ ದುಡ್ಡು ವರ್ಷ ವರ್ಷ ಇಂಗ್ಲೆಂಡಿಗೆ ಹೇಗೆ ಹರಿದು ಹೋಗುತ್ತಿದೆ ಎಂಬ ಲೆಕ್ಕದ ದಪ್ಪ ಪುಸ್ತಕವನ್ನು ಅವರು 1901ರಲ್ಲಿ ಪ್ರಕಟಿಸಿದರು. ಅದೇ ಹೊತ್ತಿಗೆ ಅದೇ ಮನುಷ್ಯ ತಮ್ಮ ಕೈಯಿಂದ ದುಡ್ಡು ಹಾಕಿ ಈ ತರುಣನ ಯಂತ್ರಗಳಿಗೆ ಬಂಡವಾಳ ಒದಗಿಸಿದರು. ಇದು ಬರೀ ಮರುಕವಲ್ಲ ಅಂತ ನನ್ನ ಭಾವನೆ. ದೇಶದ ಬಡತನಕ್ಕೆ ಭಾಷಣ ಒಂದು ಉತ್ತರವಾದರೆ, ಭಾರತೀಯನೊಬ್ಬ ಕಂಡುಹಿಡಿದ ಯಂತ್ರ ಮಾರುಕಟ್ಟೆಯಲ್ಲಿ ಗೆಲ್ಲುವುದು ಇನ್ನೊಂದು ಉತ್ತರ ಎಂದು ಅವರು ಕಂಡಿರಬೇಕು.

ಉತ್ತರ ಲಂಡನ್ನಿನ ಮನೆಯಲ್ಲಿ ಭಿಸೆ ಕೆಲಸಕ್ಕೆ ಕೂತರು. ವಿದ್ಯುತ್ತಿನಿಂದ ಜಾಹೀರಾತು ತೋರಿಸುವ ಯಂತ್ರ ಮಾಡಿದರು, ಅದು ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಪ್ರದರ್ಶನವಾಯಿತು. ಅಡಿಗೆಮನೆಯ ಉಪಕರಣಗಳು, ತಾನೇ ನೀರು ಬಿಟ್ಟುಕೊಳ್ಳುವ ಪಾಯಿಖಾನೆ, ತಲೆನೋವಿಗೊಂದು ಸಾಧನ, ಹೀಗೆ ಒಂದರ ಮೇಲೊಂದು. ಪೇಟೆಂಟ್ ಅರ್ಜಿಗಳು ಸಾಲಾಗಿ ಹೋದವು.

ಇಲ್ಲಿ ಸ್ವಲ್ಪ ನಿಂತು, ಪೇಟೆಂಟ್ ಅಂದರೆ ಏನು, ಅದನ್ನು ಪರೀಕ್ಷಿಸುವುದು ಹೇಗೆ ಅಂತ ಹೇಳಬೇಕು. ಇದು ನನಗೆ ಪುಸ್ತಕದಿಂದ ಬಂದ ವಿದ್ಯೆಯಲ್ಲ. ಹಗಲು ಹೊತ್ತು ನಾನು ಫೋರ್ಟಿನಲ್ಲಿ ಪೇಟೆಂಟ್ ವಕೀಲರೊಬ್ಬರ ಕಚೇರಿಯಲ್ಲಿ ಫೈಲು ನೋಡಿಕೊಳ್ಳುವವನು, ಸಂಜೆ ಮಾತ್ರ ನಿಮ್ಮೊಟ್ಟಿಗೆ ಪಂಪ-ರನ್ನರನ್ನು ಓದುವವನು. ನಾನು ಕಂಡ ಒಂದು ಫೈಲಿನ ಕತೆ ಹೇಳುತ್ತೇನೆ, ಹೆಸರು ಬೇಡ. ಉಪನಗರದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡ ಒಬ್ಬರು, ವಿದ್ಯುತ್ ಪ್ರವಾಹ ಮಿತಿ ಮೀರಿದರೆ ತಾನೇ ಕಡಿದುಹೋಗುವ ಒಂದು ಸಾಧನಕ್ಕೆ ಅರ್ಜಿ ಹಾಕಿದ್ದರು.

ನಿಮ್ಮ ಮನೆಯ ಮೀಟರಿನ ಪಕ್ಕದಲ್ಲಿ ಟಕ್ ಅಂತ ಕೆಳಗೆ ಬೀಳುವ ಕಪ್ಪು ಗುಂಡಿ ಇದೆಯಲ್ಲ, ಅದೇ ಜಾತಿಯದು. ಅದರೊಳಗೆ ಎರಡು ಕಾವಲುಗಾರರು ಇರುತ್ತಾರೆ. ಎರಡು ಲೋಹ ಬೆಸೆದ ಪಟ್ಟಿ ಒಂದು. ಪ್ರವಾಹ ಸ್ವಲ್ಪ ಹೆಚ್ಚಾಗಿ ಹೆಚ್ಚು ಹೊತ್ತು ಹರಿದರೆ ಅದು ಕಾದು, ಬಾಗಿ, ಕೊಂಡಿ ಕಳಚುತ್ತದೆ. ಇನ್ನೊಂದು ತಂತಿಯ ಸುರುಳಿ. ಶಾರ್ಟ್ ಸರ್ಕ್ಯೂಟಾಗಿ ಪ್ರವಾಹ ಒಮ್ಮೆಲೇ ನುಗ್ಗಿದರೆ ಅದು ಅಯಸ್ಕಾಂತವಾಗಿ ಕ್ಷಣಾರ್ಧದಲ್ಲಿ ಕೊಂಡಿ ಎಳೆಯುತ್ತದೆ. ಮೊದಲನೆಯದು ನಿಧಾನಿ, ಎರಡನೆಯದು ಸಿಡುಕಿ. ಎರಡೂ ಬೇಕು.

ಈಗ ಪರೀಕ್ಷಕ ಏನು ಮಾಡುತ್ತಾನೆ? ಅರ್ಜಿ ಒಳ್ಳೆಯದೋ ಕೆಟ್ಟದ್ದೋ ಅಂತ ನೋಡುವುದಿಲ್ಲ. ಮೂರು ಪ್ರಶ್ನೆ ಕೇಳುತ್ತಾನೆ. ಇದು ಹೊಸದೆ? ಹೊಸದಾದರೂ, ಆ ಕಸುಬು ಬಲ್ಲ ಸಾಮಾನ್ಯ ಮನುಷ್ಯನಿಗೆ ಸುಲಭವಾಗಿ ಹೊಳೆಯುವಂಥದ್ದೆ? ಉದ್ಯಮದಲ್ಲಿ ಮಾಡಿ ಬಳಸಲು ಬರುತ್ತದೆಯೆ? ನಾನು ಹೇಳಿದ ಅರ್ಜಿಗೆ ಬಂದ ಪರೀಕ್ಷಾ ವರದಿ ಖಡಾಖಂಡಿತವಾಗಿತ್ತು. ಮಿತಿ ಮೀರಿದ ಪ್ರವಾಹಕ್ಕೆ ಕರಗಿ ಕಡಿಯುವ ತಂತಿಗೆ ಎಡಿಸನ್ 1880ರಲ್ಲೇ ಪೇಟೆಂಟ್ ಪಡೆದಿದ್ದಾರೆ. ಪಟ್ಟಿ ಮತ್ತು ಸುರುಳಿಯನ್ನು ಒಂದೇ ಪುಟ್ಟ ಡಬ್ಬಿಯಲ್ಲಿ ಕೂಡಿಸುವುದೂ ಹಳೆಯ ಮಾತು. ಜರ್ಮನಿಯ ಹ್ಯೂಗೊ ಸ್ಟಾಟ್ಸ್ ಎಂಬ ಇಂಜಿನಿಯರು ಮಾಡಿದ ಅಂಥ ಡಬ್ಬಿಗೆ ಬ್ರೌನ್ ಬೊವೆರಿ ಕಂಪನಿ 1924ರಲ್ಲೇ ಪೇಟೆಂಟ್ ಕೇಳಿತ್ತು. ಹಾಗಾದರೆ ಇವರದ್ದೆಂದು ಉಳಿಯುವುದು ಏನು? ಒಂದು ಸಣ್ಣ ಸನ್ನೆ. ದೋಷ ಸರಿಯಾಗುವವರೆಗೆ ಗುಂಡಿಯನ್ನು ಮೇಲೆತ್ತಲು ಬಿಡದ ಸನ್ನೆ.

ನಮ್ಮ 1970ರ ಪೇಟೆಂಟ್ ಕಾಯಿದೆಯ 3ನೆಯ ಕಲಮು ಒಂದು ಮಾತು ಹೇಳುತ್ತದೆ. ಗೊತ್ತಿದ್ದ ಸಾಧನಗಳನ್ನು ಅಕ್ಕಪಕ್ಕ ಜೋಡಿಸಿಟ್ಟು, ಒಂದೊಂದೂ ತನ್ನ ಪಾಡಿಗೆ ಹಳೆಯ ಕೆಲಸವನ್ನೇ ಮಾಡಿಕೊಂಡಿದ್ದರೆ ಅದು ಸಂಶೋಧನೆಯಲ್ಲ. ಸನ್ನೆ, ಪಟ್ಟಿ, ಸುರುಳಿ ಮೂರೂ ಒಂದನ್ನೊಂದು ಹಿಡಿದು ಹೊಸ ಕೆಲಸ ಮಾಡುತ್ತವೆ ಅಂತ ತೋರಿಸಬೇಕಾಯಿತು. ಹೇಳಿಕೆಯನ್ನು ಕತ್ತರಿಸಿ ಕತ್ತರಿಸಿ, ಕೊನೆಗೆ ಆ ಸನ್ನೆಯಷ್ಟಕ್ಕೆ ಇಳಿಸಿ, ಪೇಟೆಂಟ್ ಬಂತು. ಪ್ರಮಾಣಪತ್ರ ಕೈಗೆ ಬಂದ ದಿನ ಆ ಯಜಮಾನರು ಕೇಳಿದ್ದು ಒಂದೇ ಮಾತು: ಇನ್ನು ಇದನ್ನು ಯಾರು ಮಾಡುತ್ತಾರೆ? ಅಚ್ಚು ಕೊರೆಸಬೇಕು, ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಬೇಕು, ಐ.ಎಸ್.ಐ. ಮುದ್ರೆ ಬೇಕು, ಅಂಗಡಿಯವ ಇಟ್ಟುಕೊಳ್ಳಬೇಕು. ಪೇಟೆಂಟ್ ಕಚೇರಿ ಕೇಳಿದ ಮೂರೂ ಪ್ರಶ್ನೆಗಳಲ್ಲಿ ಅವರು ಪಾಸು. ಈ ನಾಲ್ಕನೆಯ ಪ್ರಶ್ನೆಯನ್ನು ಆ ಕಚೇರಿ ಕೇಳುವುದೂ ಇಲ್ಲ, ಕೇಳಬೇಕಾಗಿಯೂ ಇಲ್ಲ. ಪೇಟೆಂಟ್ ಕೊಡುವುದು ಬೇರೆಯವರನ್ನು ತಡೆಯುವ ಹಕ್ಕು ಮಾತ್ರ. ಅದು ಯಂತ್ರವನ್ನೂ ಕೊಡುವುದಿಲ್ಲ, ಗಿರಾಕಿಯನ್ನೂ ಕೊಡುವುದಿಲ್ಲ.

ಆ ಫೈಲು ನೋಡಿದ ಮೇಲೆಯೇ ನನಗೆ ಭಿಸೆಯವರ ಬದುಕು ಅರ್ಥವಾಗತೊಡಗಿತು ಅನ್ನಿ.

ಭಿಸೆಯವರ ಕಾಲದ ಪರೀಕ್ಷೆ ಇನ್ನೂ ಹಗುರವಾಗಿತ್ತು. ನಮ್ಮ ದೇಶದ ಮೊದಲ ಪೇಟೆಂಟ್ ಕಾಯಿದೆ 1856ರದು. ಅದರಡಿ ಮೊದಲು ಅರ್ಜಿ ಹಾಕಿದವರು ಕಲಕತ್ತೆಯ ಡಿಪೆನ್ನಿಂಗ್ ಎಂಬ ಇಂಜಿನಿಯರು, ಪಂಖಾ ಎಳೆಯುವ ಯಂತ್ರಕ್ಕೆ! ಇಂಗ್ಲೆಂಡಿನಲ್ಲಾದರೋ 1905ರವರೆಗೆ ಅರ್ಜಿಯ ಕಾಗದ ಕ್ರಮವಾಗಿದೆಯೇ ಅಂತ ನೋಡುತ್ತಿದ್ದರು, ಸಂಗತಿ ಹೊಸದೇ ಅಂತ ಹುಡುಕುತ್ತಿರಲಿಲ್ಲ. 1902ರ ಕಾಯಿದೆಯ ಮೇರೆಗೆ 1905ರಿಂದ ಹಿಂದಿನ 50 ವರ್ಷದ ಬ್ರಿಟಿಷ್ ಪೇಟೆಂಟುಗಳಲ್ಲಿ ಹುಡುಕುವ ಪದ್ಧತಿ ಶುರುವಾಯಿತು. ಅಮೆರಿಕದಲ್ಲಿ ಮಾತ್ರ 1836ರಿಂದಲೇ ಕಟ್ಟುನಿಟ್ಟಿನ ಪರೀಕ್ಷೆ ಇತ್ತು. ಅಂದರೆ ಭಿಸೆಯವರು ಲಂಡನ್ನಿಗೆ ಹೋದ ಹೊಸತರಲ್ಲಿ ಪೇಟೆಂಟ್ ಸಿಗುವುದು ಅಷ್ಟೇನೂ ಕಷ್ಟವಿರಲಿಲ್ಲ. ಕಷ್ಟವೆಲ್ಲ ಆಮೇಲೆ.

ಆ ಕಷ್ಟದ ಹೆಸರು ಭಿಸೋಟೈಪ್. ಅಚ್ಚುಮೊಳೆ ಎರಕ ಹೊಯ್ಯುವ ಯಂತ್ರ. ಸೀಸ, ತವರ, ಆಂಟಿಮನಿ ಬೆರೆಸಿ ಕರಗಿಸಿ, ಅಚ್ಚಿಗೆ ಹೊಯ್ದು, ಒಂದೊಂದೇ ಅಕ್ಷರದ ಮೊಳೆ ತೆಗೆಯುತ್ತಿದ್ದ ಕಾಲ ಅದು. ಸಾಲಿಗೆ ಸಾಲೇ ಎರಕ ಹೊಯ್ಯುವ ಲೈನೋಟೈಪ್ 1886ರಲ್ಲಿ ಬಂದಿತ್ತು, ಅದರ ಬೆನ್ನಿಗೇ ಮಾನೋಟೈಪ್. ಪತ್ರಿಕೆಗಳ ಹಸಿವು ದೊಡ್ಡದು, ಆದ್ದರಿಂದ ಮುದ್ರಣಯಂತ್ರದಲ್ಲಿ ದುಡ್ಡೂ ದೊಡ್ಡದು. ಕನ್ನಡ ಓದುವ ನಮಗೆ ಇದರ ಬೆಲೆ ಬೇಗ ತಿಳಿಯಬೇಕು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ. ನಮಗೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಮೊಳೆ ಜೋಡಿಸುವವನ ಮುಂದೆ ನೂರಾರು ಗೂಡುಗಳು. ಮೊಳೆ ಅಗ್ಗವಾಗಿ, ಬೇಗ ಸಿಕ್ಕಿದ್ದರೆ ಹೆಚ್ಚು ಲಾಭವಾಗುತ್ತಿದ್ದದ್ದು ನಮ್ಮಂಥ ಭಾಷೆಗಳಿಗೇ.

ಭಿಸೆ ಹಿಡಿದದ್ದು ವೇಗದ ಸಮಸ್ಯೆ. ಲಂಡನ್ನಿನ ಮೊಳೆ ಕಾರ್ಖಾನೆಯ ಇಂಜಿನಿಯರುಗಳು ಇದು ಆಗದ ಮಾತು ಅಂದರು. 1908ರ ಹೊತ್ತಿಗೆ ಭಿಸೆ ಮಾಡಿ ತೋರಿಸಿದರು: ನಿಮಿಷಕ್ಕೆ 1200 ಮೊಳೆ ಎರಕ ಹೊಯ್ದು ಜೋಡಿಸುವ ಯಂತ್ರ. ಯಂತ್ರ ಆಯಿತು, ಪೇಟೆಂಟೂ ಆಯಿತು. ನಾಲ್ಕನೆಯ ಪ್ರಶ್ನೆ ಎದುರಿಗೆ ಬಂದು ನಿಂತಿತು.

ನವರೋಜಿಯವರಿಗೆ ಎಂಬತ್ತು ದಾಟಿತ್ತು. 1907ರಲ್ಲಿ ಅವರು ಇಂಗ್ಲೆಂಡ್ ಬಿಟ್ಟು ಮುಂಬಯಿಗೆ ಬಂದು ವರ್ಸೋವಾದಲ್ಲಿ ನೆಲೆಸಿದರು. ಅವರ ಗೆಳೆಯ, ಇಂಗ್ಲೆಂಡಿನ ಸಮಾಜವಾದಿ ನಾಯಕ ಹೆನ್ರಿ ಹೈಂಡ್‌ಮನ್ ಬಂಡವಾಳ ಎತ್ತಿಕೊಡುವ ಹೊಣೆ ಹೊತ್ತರು. ಬಂಡವಾಳಶಾಹಿಯನ್ನು ಬೈಯುತ್ತಿದ್ದ ಮನುಷ್ಯ ಬಂಡವಾಳ ಹುಡುಕಲು ಹೊರಟದ್ದು! ದುಡ್ಡು ಹುಟ್ಟಲಿಲ್ಲ. 1908ರ ಕೊನೆಗೆ ಭಿಸೆ ಅಂಗಡಿ ಮುಚ್ಚಿ ಮುಂಬಯಿಯ ಹಡಗು ಹತ್ತಿದರು.

ಆ ಹಡಗಿನಲ್ಲಿ ಗೋಪಾಲಕೃಷ್ಣ ಗೋಖಲೆಯವರ ಭೇಟಿಯಾಯಿತು. ಗೋಖಲೆ ಮೆಚ್ಚಿ, ಜಮ್‌ಸೇಟ್‌ಜಿ ಟಾಟಾ ಅವರ ಕಿರಿಯ ಮಗ ರತನ್ ಟಾಟಾ ಅವರಿಗೆ ಹೇಳಿದರು. 1910ರಲ್ಲಿ ಲಂಡನ್ನಿನಲ್ಲಿ ಟಾಟಾ-ಭಿಸೆ ಸಂಶೋಧನಾ ಸಿಂಡಿಕೇಟ್ ಶುರುವಾಯಿತು. ಇಷ್ಟೆಲ್ಲ ದೊಡ್ಡ ಹೆಸರುಗಳು ಒಬ್ಬನ ಹಿಂದೆ! ಇನ್ನೇನು ಗೆದ್ದಂತೆಯೇ ಅಂತ ನಮಗೆ ಅನ್ನಿಸುತ್ತದೆ. ಆದರೆ ಯಂತ್ರವನ್ನು ತಿದ್ದುವ ಕೆಲಸ ಮುಗಿಯಲೇ ಇಲ್ಲ. ಇನ್ನೊಂದು ಸುಧಾರಣೆ, ಮತ್ತೊಂದು ಸುಧಾರಣೆ. ಮೇಜಿನ ಮೇಲೆ ಓಡುವ ಯಂತ್ರಕ್ಕೂ, ಅಚ್ಚುಕೂಟದಲ್ಲಿ ವರ್ಷಗಟ್ಟಲೆ ಓಡುವ ಯಂತ್ರಕ್ಕೂ ನಡುವೆ ದೊಡ್ಡ ಕಂದಕ ಇದೆ. 1914ರಲ್ಲಿ ಯುದ್ಧ ಬಂತು. 1915ರ ಫೆಬ್ರವರಿಯಲ್ಲಿ ಗೋಖಲೆ ತೀರಿಕೊಂಡರು. ಅದೇ ವರ್ಷ ಸಿಂಡಿಕೇಟ್ ಮುಚ್ಚಿತು. ಇದರಲ್ಲಿ ಯಾರನ್ನೂ ಬೈಯಲು ನನಗೆ ಮನಸ್ಸಿಲ್ಲ. ದುಡ್ಡು ಹಾಕಿದವರು ಐದು ವರ್ಷ ಕಾದಿದ್ದರು. ಒಬ್ಬರ ಕಿಸೆಯನ್ನೇ ನಂಬಿ ನಿಂತ ಕೆಲಸ ಆ ಒಬ್ಬರು ಕೈಬಿಟ್ಟ ದಿನ ಬೀಳುತ್ತದೆ, ಅಷ್ಟೆ.

ಇದೇ ಊರಿನ ಇನ್ನೊಂದು ಕತೆ ಪಕ್ಕದಲ್ಲಿಟ್ಟು ನೋಡಿ. ಡೇವಿಡ್ ಗೆಸ್ಟೆಟ್ನರ್ ಹಂಗೆರಿಯಲ್ಲಿ ಹುಟ್ಟಿ ಲಂಡನ್ನಿಗೆ ಬಂದವರು. ಅವರೂ ಪರದೇಶಿ, ಅವರೂ ಅಕ್ಷರದ ಹಿಂದೆ ಬಿದ್ದವರು. ಮೇಣದ ಕಾಗದದ ಮೇಲೆ ಸಣ್ಣ ಚಕ್ರದ ಲೇಖನಿಯಿಂದ ಬರೆದು ಪ್ರತಿ ತೆಗೆಯುವ ಸೈಕ್ಲೋಸ್ಟೈಲಿಗೆ 1881ರಲ್ಲಿ ಪೇಟೆಂಟ್ ಪಡೆದರು. 1906ರಲ್ಲಿ ಉತ್ತರ ಲಂಡನ್ನಿನ ಟಾಟನ್‌ಹ್ಯಾಮಿನಲ್ಲಿ ಸ್ವಂತ ಕಾರ್ಖಾನೆಯನ್ನೇ ತೆರೆದರು. ನೀವು ಈಗ ಕೈಯಲ್ಲಿ ಹಿಡಿದಿರುವ ಈ ಪುಟ, ಬೆರಳಿಗೆ ಮಸಿ ಹತ್ತಿಸುವ ಈ ನಮ್ಮ ಪತ್ರಿಕೆ, ಅದೇ ವಂಶದ್ದು. ಗೆಸ್ಟೆಟ್ನರ್ ಬುದ್ಧಿಯಲ್ಲಿ ಭಿಸೆಗಿಂತ ದೊಡ್ಡವರೇ? ಹೇಳಲಾರೆ. ಅವರ ಕೈಯಲ್ಲಿ ಪೇಟೆಂಟಿನ ಜೊತೆಗೆ ಕಾರ್ಖಾನೆ ಇತ್ತು ಅನ್ನುವುದನ್ನು ಮಾತ್ರ ಹೇಳಬಲ್ಲೆ.

ಅದೇ ಕಾರಣಕ್ಕೆ ಭಾರತದ ಎಡಿಸನ್ ಎಂಬ ಬಿರುದು ನನಗೆ ಅಷ್ಟು ಹಿಡಿಸುವುದಿಲ್ಲ. ಎಡಿಸನ್ ಕರಗುವ ತಂತಿಗೆ ಪೇಟೆಂಟ್ ತೆಗೆದುಕೊಂಡು ಸುಮ್ಮನೆ ಕೂರಲಿಲ್ಲ. ಎರಡೇ ವರ್ಷಕ್ಕೆ, 1882ರಲ್ಲಿ, ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರವೇ ಅವರದು, ತಂತಿ ಅವರದು, ದೀಪ ಅವರದು. ಹಿಂದೆ ಜೆ. ಪಿ. ಮಾರ್ಗನ್ ಅಂಥವರ ಹಣ. ಅದೇ 1882ರಲ್ಲಿ ನಮ್ಮ ಕ್ರಾಫರ್ಡ್ ಮಾರ್ಕೆಟ್ಟಿನ ಗತಿ ಏನಾಯಿತು ಅಂತ ಆಗಲೇ ಹೇಳಿದೆನಲ್ಲ. ಇಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗುವಾಗ ತಕ್ಕಡಿ ನಿಂತ ನೆಲವನ್ನೂ ನೋಡಬೇಕು.

ಭಿಸೆ ಸೋತು ಕೂತರೆ? ಇಲ್ಲ. 1916ರ ಸುಮಾರಿಗೆ ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನಲ್ಲಿ ಮತ್ತೆ ಮೊಳೆಯಂತ್ರ, 1920ರಲ್ಲಿ ತಮ್ಮ ಹೆಸರಿನದೇ ಕಂಪನಿ. ಆದರೆ ಅವರಿಗೆ ಅಲ್ಲಿ ಅನ್ನ ಕೊಟ್ಟದ್ದು ಯಂತ್ರವಲ್ಲ, ಔಷಧ. ಅಯೋಡಿನ್ನಿನಿಂದ ಮಾಡಿದ ಆಟೊಮಿಡಿನ್ ಎಂಬ ಮದ್ದು ಅಮೆರಿಕದಲ್ಲಿ ಮಾರಾಟವಾಯಿತು. ಜೀವನವಿಡೀ ಲೋಹದೊಡನೆ ಗುದ್ದಾಡಿದ ಮನುಷ್ಯನಿಗೆ ಕೊನೆಗೆ ಒಲಿದದ್ದು ಸೀಸೆಯಲ್ಲಿ ಹಿಡಿಸುವ ದ್ರವ! 1930ರಲ್ಲಿ ಅವರು ಎಡಿಸನ್ನರನ್ನು ಕಂಡರು. ಎಡಿಸನ್ನರಿಗೆ ಆಗ 83, ಭಿಸೆಗೆ 63. ಮರುವರ್ಷ ಎಡಿಸನ್ ತೀರಿಕೊಂಡರು. 1935ರ ಏಪ್ರಿಲ್ 7ರಂದು ಭಿಸೆ ನ್ಯೂಯಾರ್ಕಿನಲ್ಲೇ ಕಣ್ಣು ಮುಚ್ಚಿದರು, 68 ತುಂಬಲು ಇನ್ನು ಮೂರೇ ವಾರ ಇತ್ತು.

ಮಿತ್ರರೇ, ಇವರ ಕತೆಯನ್ನು ಅಯ್ಯೋ ಪಾಪ ಎಂದು ಮುಗಿಸುವುದು ಸುಲಭ. ಹಾಗೆ ಮುಗಿಸಿದರೆ ನಮಗೆ ಏನೂ ದಕ್ಕುವುದಿಲ್ಲ. ಇವತ್ತು ನಮ್ಮ ಮುಂಬಯಿಯಲ್ಲೇ, ಆಂಟಾಪ್ ಹಿಲ್ಲಿನ ಬೌದ್ಧಿಕ ಸಂಪದಾ ಭವನದಲ್ಲಿ, ಪೇಟೆಂಟ್ ಕಚೇರಿ ಇದೆ. ಕಾಲೇಜುಗಳೂ ಪೇಟೆಂಟಿನ ಸಂಖ್ಯೆ ಹೇಳಿಕೊಂಡು ಹೆಮ್ಮೆಪಡುತ್ತವೆ. ಪಡಲಿ. ಆದರೆ ಆ ಸಂಖ್ಯೆ ಎಷ್ಟೇ ಇರಲಿ, ಅದರಲ್ಲಿ ಎಷ್ಟು ಯಂತ್ರವಾಯಿತು, ಯಂತ್ರವಾಗುವವರೆಗೆ ಯಾರು ಜೊತೆಗೆ ನಿಂತರು ಎಂದೂ ಕೇಳಬೇಕು. ಭಿಸೆಗೆ ನಿಂತವರು ಇದ್ದರು, ಒಬ್ಬೊಬ್ಬರಾಗಿ. ಒಬ್ಬೊಬ್ಬರಾಗಿಯೇ ಹೋದರು. ಅವರು ಹೋದರೂ ಉಳಿಯುವ ಒಂದು ಸಂಸ್ಥೆ, ಒಂದು ಕಾರ್ಖಾನೆ, ಒಂದು ಪ್ರಯೋಗಶಾಲೆ ಇರಲಿಲ್ಲ.

ಕೊನೆಗೊಂದು ಮಾತು. ಪೇಟೆಂಟ್ ಅನ್ನುವುದು ಒಂದು ಕರಾರು. ನಿನ್ನ ಗುಟ್ಟನ್ನು ಪೂರ್ತಿ ಬರೆದು ಕೊಡು, ಕೆಲವು ವರ್ಷ ಅದು ನಿನ್ನದು, ಆಮೇಲೆ ಎಲ್ಲರದು. ಈಗ ನಮ್ಮಲ್ಲಿ ಆ ಅವಧಿ 20 ವರ್ಷ, ಭಿಸೆ ಲಂಡನ್ನಿನಲ್ಲಿದ್ದಾಗ ಅಲ್ಲಿ 14 ವರ್ಷ. ಅವರ ಪೇಟೆಂಟುಗಳ ಅವಧಿ ಎಂದೋ ಮುಗಿದಿದೆ. ಅಂದರೆ ಅವರ ಚಕ್ರ, ಸನ್ನೆ, ಅಚ್ಚು ಎಲ್ಲ ಈಗ ನಮ್ಮೆಲ್ಲರ ಆಸ್ತಿ. ಹಳೆಯ ಪೇಟೆಂಟುಗಳ ನಕ್ಷೆಗಳನ್ನು ಇವತ್ತು ಕಂಪ್ಯೂಟರಿನಲ್ಲಿ ದುಡ್ಡಿಲ್ಲದೆ ನೋಡಬಹುದು. ವಿಜ್ಞಾನ ಓದುವ ಗೆಳೆಯರಿದ್ದರೆ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಒಮ್ಮೆ ಓದಿ ನೋಡಿ. ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.